ಉಳಿಸಿದ ದುಡ್ಡು ಅದೇ ದಿನ ಹೊರಡಲಿ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಲೆಕ್ಕ ತಲುಪಿತು. ಅಷ್ಟನ್ನು ಮುಚ್ಚುಮರೆಯಿಲ್ಲದೆ ಬರೆದು ಕಳಿಸಿದ್ದೇ ದೊಡ್ಡದು. ಸಾಲ ಮಾಡಿದವರಲ್ಲಿ ಬಹಳ ಜನಕ್ಕೆ ತಮ್ಮ ಒಟ್ಟು ಬಾಕಿ ಎಷ್ಟೆಂದು ಗೊತ್ತಿರುವುದಿಲ್ಲ, ಗೊತ್ತಾಗುವುದು ಬೇಕಾಗಿಯೂ ಇರುವುದಿಲ್ಲ. ಬ್ಯಾಂಕಿನ ಚಿನ್ನದ ಸಾಲದ ಕೌಂಟರಿನಲ್ಲೇ ಸರ್ವೀಸು ಮುಗಿಸಿದವಳು ನಾನು, ಅಂಥ ಮುಖಗಳನ್ನು ಬೇಕಾದಷ್ಟು ನೋಡಿದ್ದೇನೆ. ಉತ್ತರವನ್ನು ಪತ್ರಿಕೆಗೂ ಕೊಡಲೇ ಎಂದು ಕೇಳಿದ್ದಕ್ಕೆ "ಹೆಸರು ಬೇಡ ದೊಡ್ಡಮ್ಮ, ಅಂಕಿ ಬೇಕಾದರೆ ಹಾಕು" ಅಂದೆಯಲ್ಲ, ಹಾಗೇ ಮಾಡಿದ್ದೇನೆ. ನಿನ್ನ ವಾರಿಗೆಯ ಇನ್ನೂ ನಾಲ್ಕು ಹುಡುಗರಿಗೆ ಆದರೂ ಉಪಯೋಗವಾಗಲಿ.

ಸಾಲದ ಬಗ್ಗೆ ಸರ್ವಜ್ಞ ಏನು ಹೇಳಿದ್ದಾನೆ ಎಂದು ನಿನಗೆ ಈಗಾಗಲೇ ನಿಮ್ಮಪ್ಪ, ಸೋದರಮಾವ, ಪಕ್ಕದ ಮನೆಯವರು ಎಲ್ಲರೂ ಹೇಳಿ ಮುಗಿಸಿರುತ್ತಾರೆ. ನಾನು ಹೇಳುವುದಿಲ್ಲ. "ನಮ್ಮ ಕಾಲದಲ್ಲಿ ನಾವು ಹೀಗಿರಲಿಲ್ಲ" ಅಂತಲೂ ಅನ್ನುವುದಿಲ್ಲ. ನಮ್ಮ ಕಾಲದಲ್ಲಿ ಸಾಲ ಕೇಳಿದರೆ ಇಬ್ಬರು ಜಾಮೀನುದಾರರನ್ನು ಕರೆದುಕೊಂಡು ಬಾ ಅನ್ನುತ್ತಿದ್ದರು. ಜಾಮೀನಿಗೆ ಯಾರೂ ಬರುತ್ತಿರಲಿಲ್ಲ, ಸಾಲ ಆಗುತ್ತಿರಲಿಲ್ಲ. ಅದನ್ನೇ ನಮ್ಮವರು ಈಗ ಸಂಯಮ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ.

ಈಗ ನಿನ್ನ ಲೆಕ್ಕಕ್ಕೆ ಬರೋಣ. ಕೈಗೆ ಬರುವ ಸಂಬಳ 52,000. ಮೂರು ಲಕ್ಷದ ಪರ್ಸನಲ್ ಲೋನಿಗೆ ಶೇ. 14ರ ಬಡ್ಡಿಯಲ್ಲಿ ತಿಂಗಳ ಕಂತು 10,253. ಫೋನಿನ ಕಂತು 3,000. ಕಾರ್ಡಿಗೆ 7,000. ಬಿಟಿಎಂ ಲೇಔಟಿನ ಒಂಟಿ ಮನೆಗೆ ಬಾಡಿಗೆ 16,000. ಊಟ ತಿಂಡಿ, ಅದರಲ್ಲೂ ಆ್ಯಪಿನಲ್ಲಿ ತರಿಸುವುದೇ ಹೆಚ್ಚು, 11,500. ಓಡಾಟ 4,500. ಊರಿಗೆ 5,000. ಕೂಡಿದರೆ 57,253. ಅಂದರೆ ತಿಂಗಳು ತಿಂಗಳೂ ಐದು ಸಾವಿರದಷ್ಟು ಕಡಿಮೆ ಬೀಳುತ್ತಿದೆ. ಅದು ಎಲ್ಲಿಂದ ಬರುತ್ತಿದೆ ಎಂದು ನೀನು ಬರೆದಿಲ್ಲ, ಬರೆಯುವುದೂ ಬೇಡ. ಅದೇ ಕಾರ್ಡಿನಿಂದ.

ಕಾರ್ಡಿನಲ್ಲಿ ಬಾಕಿ 1,40,000. ತಿಂಗಳಿಗೆ ಶೇ. 3.5 ಬಡ್ಡಿ, ಅಂದರೆ 4,900. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 882. ನೀನು ಕಟ್ಟುವ 7,000ದಲ್ಲಿ 5,782 ಹೀಗೇ ಹೋಗಿ ಅಸಲಿಗೆ ಸೇರುವುದು 1,218 ರೂಪಾಯಿ. ಅತ್ತ ಐದು ಸಾವಿರ ಹೊಸದಾಗಿ ಹತ್ತುತ್ತಿದೆ. "ಎಷ್ಟು ಕಟ್ಟಿದರೂ ಕರಗಲ್ಲ" ಎಂದು ಬರೆದಿದ್ದೆ. ಕರಗುವುದಿರಲಿ, ತಿಂಗಳಿಗೆ ನಾಲ್ಕು ಸಾವಿರ ಬೆಳೆಯುತ್ತಿದೆ.

ಇನ್ನೊಂದು ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಹಿಂದಿನ ಬಾಕಿಯನ್ನು ಪೂರ್ತಿ ಕಟ್ಟದೆ ಮುಂದಕ್ಕೆ ಹಾಕಿದವರಿಗೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಇರುವುದಿಲ್ಲ. ನಿನ್ನೆ ರಾತ್ರಿ ತರಿಸಿದ ಬಿರಿಯಾನಿಗೂ ನಿನ್ನೆಯಿಂದಲೇ ಬಡ್ಡಿ ಶುರು. ಬಡ್ಡಿ ದಿನದ ಲೆಕ್ಕದಲ್ಲಿ ಬೀಳುವುದರಿಂದ ಕಟ್ಟುವ ಹಣವನ್ನು ಕೊನೆಯ ದಿನಾಂಕದವರೆಗೆ ಇಟ್ಟುಕೊಳ್ಳುವುದೂ ನಷ್ಟವೇ. ಕೈಗೆ ಬಂದ ದಿನವೇ ಕಟ್ಟಬಹುದು, ತಿಂಗಳಲ್ಲಿ ನಾಲ್ಕು ಸಲ ಕಟ್ಟಿದರೂ ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಖರ್ಚು ಕಡಿಮೆ ಮಾಡುವ ಮಾತು. ಬುದ್ಧಿ ಹೇಳುವವರೆಲ್ಲ ಮೊದಲು ಕೈ ಹಾಕುವುದು ಕಾಫಿಗೆ. ದರ್ಶಿನಿಯಲ್ಲಿ ದಿನಕ್ಕೊಂದು ಕಾಫಿ ಬಿಟ್ಟರೆ ತಿಂಗಳಿಗೆ ಆರುನೂರು ಉಳಿದೀತು. ಅದರ ಜೊತೆಗೆ ಸಂಜೆ ಗೆಳೆಯನ ಜೊತೆ ನಿಂತು ಆಡುವ ಎರಡು ಮಾತೂ ಹೋಗುತ್ತದೆ. ಬೇಕಾದರೆ ಬೈಟು ಮಾಡಿ ಕುಡಿಯಿರಿ, ಬಿಡುವುದು ಬೇಡ. ಸಾಲದಲ್ಲಿರುವವನು ಒಬ್ಬನೇ ಕೋಣೆಯಲ್ಲಿ ಕೂತರೆ ಕೈ ಫೋನಿಗೇ ಹೋಗುತ್ತದೆ, ಆಮೇಲೆ ಏನಾಗುತ್ತದೆ ಎಂದು ನಿನಗೇ ಗೊತ್ತು. ಪಟ್ಟಿಯನ್ನು ದೊಡ್ಡ ಅಂಕಿಯಿಂದ ಕೆಳಕ್ಕೆ ನೋಡು. ಮೇಲಿರುವುದು ಬಾಡಿಗೆ.

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಎರಡು ದುಡ್ಡು ಸಿಕ್ಕಿಕೊಂಡಿರುತ್ತದೆ. ಒಂದು ತಿಂಗಳ ಬಾಡಿಗೆ, ಇನ್ನೊಂದು ಅಡ್ವಾನ್ಸು. ನಿನ್ನ ಮಾಲೀಕರ ಹತ್ತಿರ 80,000 ಇದೆ. ಅದು ಒಂದು ರೂಪಾಯಿ ಬಡ್ಡಿ ತರದೆ ಅವರಲ್ಲಿ ಕೂತಿರುವಾಗ ನೀನು ಇಲ್ಲಿ ತೆರಿಗೆ ಸೇರಿ ತಿಂಗಳಿಗೆ ಶೇ. 4ಕ್ಕೂ ಹೆಚ್ಚು ಕೊಟ್ಟು ಬೇರೆಯವರ ದುಡ್ಡು ಬಳಸುತ್ತಿದ್ದೀಯ. ನಿನ್ನಿಬ್ಬರು ಸ್ನೇಹಿತರು ಮನೆ ಹಂಚಿಕೊಳ್ಳಲು ಮೂರನೆಯವನನ್ನು ಹುಡುಕುತ್ತಿದ್ದಾರೆ, ತಲೆಗೆ 7,500 ಬೀಳುತ್ತದೆ, ಆದರೆ "ಪ್ರೈವೆಸಿ ಇರಲ್ಲ" ಎಂದು ಬರೆದಿದ್ದೀಯ. ಒಪ್ಪುತ್ತೇನೆ, ಇರುವುದಿಲ್ಲ. ಬಾತ್‌ರೂಮಿಗೆ ಸರದಿ ನಿಲ್ಲಬೇಕು, ಒಬ್ಬನ ಗೊರಕೆ ಇನ್ನೊಬ್ಬ ಕೇಳಬೇಕು. ವರ್ಷದ ಮಟ್ಟಿಗೆ ಕೇಳು. ಪೇಂಟಿಂಗ್ ಅಂತ ಮಾಲೀಕರು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರೂ 64,000 ವಾಪಸು ಬರುತ್ತದೆ. ಹೊಸ ಮನೆಯಲ್ಲಿ ನಿನ್ನ ಪಾಲಿನ ಅಡ್ವಾನ್ಸು 20,000 ಕೊಟ್ಟರೂ 44,000 ಉಳಿಯಿತು. ಅದು ಬಂದ ಗಂಟೆಯೊಳಗೆ ಕಾರ್ಡಿಗೆ ಹೋಗಬೇಕು. ಒಪ್ಪಂದದಲ್ಲಿ ಎಷ್ಟು ತಿಂಗಳ ನೋಟಿಸ್ ಎಂದಿದೆ ನೋಡಿಕೋ, ಮಾತಿನಲ್ಲಿ ಹೇಳಿದ್ದು ಸಾಲದು, ಮೆಸೇಜಿನಲ್ಲಾದರೂ ಬರೆದು ಕೊಡು.

ಊಟದ್ದು ಎರಡನೆಯದು, ಮತ್ತು ನನಗೆ ಹೆಚ್ಚು ಸಿಟ್ಟು ತರಿಸಿದ್ದೂ ಅದೇ. ಆ್ಯಪಿನಲ್ಲಿ ಹೆಚ್ಚಿನ ಹೋಟೆಲುಗಳ ದರವೇ ಅಂಗಡಿಯ ದರಕ್ಕಿಂತ ಮೇಲೆ. ಅದರ ಮೇಲೆ ಪ್ಯಾಕಿಂಗು, ತಂದುಕೊಡುವ ಚಾರ್ಜು, ಪ್ಲಾಟ್‌ಫಾರ್ಮ್ ಫೀಸು, ತೆರಿಗೆ. ಕಾಲು ಕಿಲೋಮೀಟರು ನಡೆದು ದರ್ಶಿನಿಯಲ್ಲಿ ನಿಂತು ತಿಂದರೆ ಅದೇ ಮಸಾಲೆ ದೋಸೆ, ಬಿಸಿಯಾಗಿ, ಕಡಿಮೆ ದುಡ್ಡಿಗೆ. ಆದರೂ ದಿನವೂ ಹೊರಗೆ ತಿನ್ನು ಎಂದು ನಾನು ಹೇಳುತ್ತಿಲ್ಲ. ಮೂವರು ಹುಡುಗರಿರುವ ಮನೆಯಲ್ಲಿ ಒಂದು ಕುಕ್ಕರು, ಒಂದು ಬಾಣಲೆ, ಒಂದು ಮಿಕ್ಸಿ ಇದ್ದರೆ ಅಡುಗೆಗೆ ಬೇರೇನು ಬೇಕು? ಹಾಸನದ ಹುಡುಗನಿಗೆ ಹುರುಳಿಕಾಳು ಸಾರು ಮಾಡಲು ಬರುವುದಿಲ್ಲ ಎಂದರೆ ನಿಮ್ಮಮ್ಮನನ್ನು ನಾನೇ ವಿಚಾರಿಸಿಕೊಳ್ಳುತ್ತೇನೆ. ರಾತ್ರಿಗೆ ಅನ್ನ ಸಾರು, ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನ, ಭಾನುವಾರ ನೆನೆಹಾಕಿ ರುಬ್ಬಿದ ಹಿಟ್ಟು ಬುಧವಾರದವರೆಗೆ. ತರಕಾರಿ ಹಾಪ್‌ಕಾಮ್ಸ್‌ನಲ್ಲೋ ಸಂಜೆ ಗಾಡಿಯಲ್ಲೋ ತಾ. ಹತ್ತು ನಿಮಿಷದಲ್ಲಿ ಮನೆಗೆ ಬರುವ ಕೊತ್ತಂಬರಿಯ ಜೊತೆ ಚಿಪ್ಸು, ಐಸ್‌ಕ್ರೀಮು ತಾವಾಗಿಯೇ ಬುಟ್ಟಿಗೆ ಬೀಳುತ್ತವೆ. ತಲೆಗೆ 5,500ದಲ್ಲಿ ಚೆನ್ನಾಗಿ ತಿನ್ನಬಹುದು, ವಾರಕ್ಕೊಂದು ದಿನ ಕೋಳಿಯೂ ಸೇರಿ. ಮೊದಲ ಹದಿನೈದು ದಿನ ಯಾರು ಪಾತ್ರೆ ತೊಳೆಯಬೇಕೆಂದು ಜಗಳ ಆಗುತ್ತದೆ. ಸರದಿ ಬರೆದು ಫ್ರಿಜ್ಜಿಗೆ ಅಂಟಿಸಿ.

ಓಡಾಟ ಹೇಳುವಷ್ಟು ಕಷ್ಟವಿಲ್ಲ. ನಿನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿ. 2025ರ ಆಗಸ್ಟಿನಿಂದ ಆ ಕಡೆಗೆ ಹಳದಿ ಮಾರ್ಗದ ಮೆಟ್ರೊ ಓಡುತ್ತಿದೆ, ಬಿಎಂಟಿಸಿ ಮಾಸಿಕ ಪಾಸೂ ಇದೆ. ಕ್ಯಾಬು ಕರೆಯುವುದು ಎದ್ದದ್ದು ತಡವಾದ ದಿನ ಎಂದು ನಿನ್ನ ಲೆಕ್ಕದಲ್ಲೇ ಕಾಣುತ್ತದೆ. 1,800ಕ್ಕೆ ನಿಲ್ಲಿಸು. ಕರೆಂಟಿಗೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಹಳೆಯ ಮನೆಯ ಮೀಟರಿನಿಂದ ನಿನ್ನ ನೋಂದಣಿ ಬಿಡಿಸುವುದನ್ನು ಮರೆಯಬೇಡ. ಹೊಸ ಮನೆಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ ಎಂದು ಗೀಸರ್ ಪ್ರಿಯರಾದ ಆ ಇಬ್ಬರು ಸ್ನೇಹಿತರಿಗೂ ಹೇಳು.

ಊರಿಗೆ ಕಳಿಸುವ 5,000 ನಿಲ್ಲಿಸಲೇ ಎಂದು ಕೇಳಿದ್ದೀಯ. ಬೇಡ. ನಿಮ್ಮಪ್ಪನ ಬಿಪಿ, ಸಕ್ಕರೆ ಮಾತ್ರೆಗೆ ಹೋಗುವ ದುಡ್ಡು ಅದು. ಆದರೆ ಡಾಕ್ಟರ ಹತ್ತಿರ ಮಾತ್ರೆಯ ಮೂಲ ಹೆಸರು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೇಳಲು ನಿಮ್ಮಮ್ಮನಿಗೆ ಹೇಳಿದ್ದೇನೆ, ಅಲ್ಲಿ ಅರ್ಧಕ್ಕಿಂತ ಕಡಿಮೆಗೆ ಸಿಗುವುದು ಸಾಮಾನ್ಯ. ಹಾಗೆ ಉಳಿದದ್ದನ್ನು ನೀನು ವಾಪಸು ಕೇಳಬೇಡ. ಹತ್ತು ಸಾವಿರ ಆಗುವವರೆಗೆ ಅಮ್ಮನ ಖಾತೆಯಲ್ಲೇ ಇರಲಿ. ನಿನಗೆ ಜ್ವರ ಬಂದಾಗ, ಹಲ್ಲು ನೋವಾದಾಗ ಮತ್ತೆ ಕಾರ್ಡು ಉಜ್ಜದೆ ಇರುವುದಕ್ಕೆ ಅದು.

ಈಗ ಮತ್ತೆ ಕೂಡು. ಎರಡು ಕಂತು 13,253, ಊರಿಗೆ 5,000, ಬಾಡಿಗೆ 7,500, ಊಟ 5,500, ಓಡಾಟ 1,800. ಕೈಖರ್ಚಿಗೆ 1,900 ಇಟ್ಟುಕೊಂಡರೂ ಕಾರ್ಡಿಗೆ 17,000 ಸಿಗುತ್ತದೆ. ಬಿಗಿ ಲೆಕ್ಕವೇ. ಆದರೆ ಇದನ್ನು ನೋಡು: 1,40,000ಕ್ಕೆ ತಿಂಗಳಿಗೆ 7,000ದಂತೆ ಕಟ್ಟುತ್ತ ಹೋದರೆ, ಹೊಸ ಖರೀದಿ ಒಂದೂ ಮಾಡದಿದ್ದರೂ, ಮೂರು ವರ್ಷ ಎಂಟು ತಿಂಗಳು ಹಿಡಿಯುತ್ತದೆ, ಒಟ್ಟು ಕಟ್ಟುವುದು ಮೂರು ಲಕ್ಷದ ಮೇಲೆ. ಅಡ್ವಾನ್ಸಿನ 44,000 ಹಾಕಿ ಬಾಕಿಯನ್ನು 96,000ಕ್ಕೆ ಇಳಿಸಿ, ಆಮೇಲೆ 17,000ದಂತೆ ಕಟ್ಟಿದರೆ ಏಳನೆಯ ತಿಂಗಳು ಮುಗಿಯುತ್ತದೆ.

ನನ್ನ ಒಂದೇ ಹಟ ಇರುವುದು ಇಲ್ಲಿ. ಖರ್ಚು ಕಡಿಮೆ ಮಾಡಿದವರನ್ನೂ ನಾನು ಬಹಳ ಜನ ನೋಡಿದ್ದೇನೆ, ಅವರ ಸಾಲ ಕಡಿಮೆಯಾಗಿರಲಿಲ್ಲ. ತಿಂಗಳಿಡೀ ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ್ದು ಉಳಿತಾಯ ಖಾತೆಯಲ್ಲಿ ಕೂತಿರುತ್ತದೆ, ಕೊನೆಯ ವಾರ ಯಾರದೋ ಗೃಹಪ್ರವೇಶ, ಯಾವುದೋ ಸೇಲು. ಖಾತೆಯಲ್ಲಿರುವ ದುಡ್ಡು ಮಡಿಲಲ್ಲಿರುವ ಕಡಲೆಕಾಯಿ ಇದ್ದ ಹಾಗೆ, ಕೈ ತಾನಾಗಿ ಹೋಗುತ್ತದೆ. ಅದಕ್ಕೆ ಸಂಬಳ ಬಂದ ದಿನವೇ 17,000 ಕಾರ್ಡಿಗೆ ಹೋಗಲಿ, ಆಮೇಲೆ ಬಾಡಿಗೆ. ಊಟ ತರಿಸಬೇಕೆಂದು ಆ್ಯಪು ತೆರೆದು, ಮನಸ್ಸು ಬದಲಿಸಿ ಮುಚ್ಚಿದೆಯಾ? ಆ 280 ರೂಪಾಯಿಯನ್ನೂ ಆಗಲೇ ಕಾರ್ಡಿಗೆ ಕಳಿಸು. ಆ್ಯಪುಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸು. ಯುಪಿಐಗೆ ಕ್ರೆಡಿಟ್ ಕಾರ್ಡು ಜೋಡಿಸಿದ್ದರೆ ಬಿಡಿಸು.

ಅಮ್ಮ ಬಳೆ ಕೊಡುತ್ತೇನೆ ಅಂದಿದ್ದಾಳೆ, ಚಿನ್ನದ ಸಾಲ ತೆಗೆದು ಕಾರ್ಡು ತೀರಿಸಲೇ ಎಂದು ಕೇಳಿದೆ. ಲೆಕ್ಕ ಕೇಳಿದರೆ ತೀರಿಸಬೇಕು. ಬ್ಯಾಂಕಿನಲ್ಲಿ ವರ್ಷಕ್ಕೆ ಶೇ. 11 ಅಂದರೂ 1,40,000ಕ್ಕೆ ತಿಂಗಳ ಬಡ್ಡಿ 1,300ರ ಒಳಗೆ. ಕಾರ್ಡಿನ 5,782 ಎಲ್ಲಿ, ಇದೆಲ್ಲಿ. ಒಡವೆ ಅಡವಿಡುವುದು ಅವಮಾನ ಎಂಬ ಮಾತಿಗೂ ನನ್ನಲ್ಲಿ ಬೆಲೆಯಿಲ್ಲ, ಆ ಒಡವೆ ಇರುವುದೇ ಇಂಥದ್ದಕ್ಕೆ. ಆದರೂ ಈಗಲೇ ಬೇಡ ಅನ್ನುತ್ತೇನೆ. ಚಿನ್ನವಿಟ್ಟು ಕಾರ್ಡು ಸೊನ್ನೆ ಮಾಡಿ, ವರ್ಷ ತಿರುಗುವುದರೊಳಗೆ ಕಾರ್ಡನ್ನೂ ಮತ್ತೆ ತುಂಬಿಸಿಕೊಂಡು, ಎರಡೆರಡು ಸಾಲದ ಜೊತೆ ನನ್ನ ಕೌಂಟರಿಗೆ ಬಂದವರಿದ್ದಾರೆ. ಮೂರು ತಿಂಗಳು 17,000ದಂತೆ ಕಟ್ಟಿ ತೋರಿಸು. ಆಮೇಲೆ ಉಳಿದದ್ದಕ್ಕೆ ಬಳೆ ಇಡೋಣ, ನಾನೇ ಜೊತೆಗೆ ಬರುತ್ತೇನೆ. ವರ್ಷದ ಕೊನೆಗೆ ಒಟ್ಟಿಗೆ ಕಟ್ಟುವ ಸಾಲವಾದರೂ ತಿಂಗಳು ತಿಂಗಳೂ ಕಟ್ಟಬೇಕು ಎಂಬ ಷರತ್ತಿನ ಮೇಲೆ.

ಮುಂದಿನ ತಿಂಗಳು ನಿನ್ನ ಕಸಿನ್ ಮದುವೆ. ನೀನು ಎಂಜಿನಿಯರಿಂಗ್ ಸೇರಿದಾಗ ಅವರ ಮನೆಯಿಂದ ಬಂದ ಮುಯ್ಯಿ ಪುಸ್ತಕದಲ್ಲಿದೆ, ನಿಮ್ಮಮ್ಮ ಅದನ್ನೇ ಯೋಚಿಸುತ್ತಿದ್ದಾಳೆ. ಐನೂರು ಬರೆಸು. ಹಿಂದಿನ ದಿನವೇ ಹೋಗಿ ಚಪ್ಪರದ ಕೆಲಸಕ್ಕೆ ನಿಲ್ಲು, ಬಡಿಸು, ಕೊನೆಯ ಪಂಕ್ತಿಯಲ್ಲಿ ಊಟ ಮಾಡು. ನಮ್ಮ ಕಡೆ ಜನ ಅದನ್ನೂ ನೆನಪಿಟ್ಟುಕೊಳ್ಳುತ್ತಾರೆ. ಹೊಸ ಬಟ್ಟೆ ಬೇಡ, ಕಳೆದ ವರ್ಷದ ರೇಷ್ಮೆ ಪಂಚೆ ನಾನೇ ಇಸ್ತ್ರಿ ಮಾಡಿ ಇಟ್ಟಿದ್ದೇನೆ.

ಇಷ್ಟರ ನಡುವೆ ಯಾವುದಾದರೂ ಲೋನ್ ಆ್ಯಪು "ಐದೇ ನಿಮಿಷ" ಎಂದು ಕರೆದರೆ ಹೋಗಬೇಡ. ನಿನ್ನ ಫೋನಿನ ಕಾಂಟ್ಯಾಕ್ಟು, ಫೋಟೊ ಕೇಳುವ ಆ್ಯಪು ರಿಸರ್ವ್ ಬ್ಯಾಂಕಿನ ನಿಯಮ ಮೀರಿದ್ದು. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನು ಮಾಡುವಂತಿಲ್ಲ ಎಂಬುದೂ ಅದರದ್ದೇ ಆದೇಶ, 2022ರದು. ಕಂತು ತಪ್ಪಿದವರನ್ನು ಹಿಂಸಿಸುವುದರ ವಿರುದ್ಧ 2025ರಲ್ಲಿ ನಮ್ಮ ರಾಜ್ಯದಲ್ಲೂ ಕಾನೂನು ಬಂದಿದೆ. ಕಾರ್ಡಿನವರು "ಅರ್ಧ ಕಟ್ಟಿ ಸೆಟಲ್ ಮಾಡಿಕೊಳ್ಳಿ" ಅಂದರೂ ಆಸೆಪಡಬೇಡ. ನಿನಗೆ ಪೂರ್ತಿ ಕಟ್ಟುವ ಶಕ್ತಿಯಿದೆ. ಸಿಬಿಲ್ ವರದಿಯಲ್ಲಿ "ಸೆಟಲ್ಡ್" ಎಂದು ಕೂತರೆ ನಾಳೆ ಮನೆ ಸಾಲಕ್ಕೆ ಹೋದಾಗ ಅದೇ ಅಡ್ಡ ಬರುತ್ತದೆ.

ಕಾರ್ಡು ಸೊನ್ನೆಯಾದ ತಿಂಗಳಿನಿಂದ ಆ 17,000 ಪರ್ಸನಲ್ ಲೋನಿನ ಕಡೆ ತಿರುಗಲಿ. ನಿನ್ನದು ಸ್ಥಿರ ಬಡ್ಡಿಯ ಸಾಲ, ಅವಧಿಗೆ ಮೊದಲು ಕಟ್ಟಿದರೆ ಶುಲ್ಕ ಹಾಕಬಹುದು. ಎಷ್ಟೆಂದು ಈಗಲೇ ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೋ. ಉಳಿಯುವ ಬಡ್ಡಿಗಿಂತ ಶುಲ್ಕ ಹೆಚ್ಚಿದ್ದರೆ ಕಂತಿನಲ್ಲೇ ಹೋಗಲಿ, ಆ ದುಡ್ಡನ್ನು ಆರ್‌ಡಿಗೆ ಹಾಕು. ಪ್ರತಿ ಸಾಲ ಮುಗಿದಾಗಲೂ ಬಾಕಿಯಿಲ್ಲ ಎಂಬ ಪತ್ರ ತೆಗೆದುಕೊಂಡು ನನಗೊಂದು ಪ್ರತಿ ಕಳಿಸು. ಮಾಲೀಕರಿಗೆ ನೋಟಿಸು ಈ ವಾರವೇ ಹೋಗಲಿ. ಕುಕ್ಕರು ಕೊಳ್ಳಬೇಡ, ಅಟ್ಟದ ಮೇಲೆ ನಮ್ಮದೊಂದು ಐದು ಲೀಟರಿನದಿದೆ, ಗ್ಯಾಸ್ಕೆಟ್ ಹಾಕಿಸಿ ಹಾಸನದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ