ಮರಳು ಮೆತ್ತಗಿದೆ ಅಂದುಕೊಳ್ಳಬೇಡಿ

ಚಳಿಗಾಲ ಬಂತೆಂದರೆ ನಮ್ಮ ಹುಡುಗ ಹುಡುಗಿಯರು ಬೈಕನ್ನು ರೈಲಿಗೆ ಹಾಕಿಸಿ ಜೈಸಲ್ಮೇರಿನ ಮರಳುದಿಬ್ಬಗಳಿಗೆ ಹೊರಡುತ್ತಾರೆ. ಹೊರಡುವ ಮುಂಚೆ ಬಂದು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಅಂಕಲ್, ಮರಳಲ್ಲಿ ಬಿದ್ದರೆ ಅಷ್ಟೇನೂ ಪೆಟ್ಟಾಗಲ್ಲ ಅಲ್ವಾ?" ಆಗುತ್ತದಪ್ಪಾ. ಮರಳಿನಲ್ಲಿ ಬೀಳದೆ ಕಲಿತವರು ಯಾರೂ ಇಲ್ಲ, ಬೀಳುವುದರಲ್ಲಿ ನಾಚಿಕೆಯೂ ಇಲ್ಲ. ಆದರೆ ಮೆತ್ತಗಿದೆ ಎಂದು ನಂಬಿ ಬೀಳುವುದು ಬೇರೆ, ಬೀಳುತ್ತೇನೆ ಎಂದು ತಿಳಿದು ತಯಾರಾಗಿ ಹೋಗುವುದು ಬೇರೆ. ಎರಡನೆಯ ರೀತಿಯಲ್ಲಿ ಹೋಗಿ ಬನ್ನಿ ಎಂಬ ಆಸೆಯಿಂದ ಇಷ್ಟು ಬರೆಯುತ್ತಿದ್ದೇನೆ.

• ಊರಲ್ಲೇ ಶುರು ಮಾಡಿ. ಪರಿಚಯದ ರೈತರೊಬ್ಬರನ್ನು ಕೇಳಿ, ಬಿತ್ತನೆಗೆ ಮುಂಚೆ ಉತ್ತು ಬಿಟ್ಟ ಹೊಲದಲ್ಲಿ ಓಡಿಸಿ ನೋಡಿ. ಸಡಿಲ ಮಣ್ಣು ಮುಂದಿನ ಚಕ್ರವನ್ನು ಅತ್ತಿತ್ತ ಎಳೆಯುವ ರೀತಿ ಮರಳಿಗೆ ಬಹಳ ಹತ್ತಿರ. ಬೇಸಿಗೆಯಲ್ಲಿ ಒಣಗಿದ ಹೊಳೆಯ ಮರಳಿಗೆ ಮಾತ್ರ ಇಳಿಯಬೇಡಿ. ಮರಳು ತೆಗೆದು ಬಿಟ್ಟ ಗುಂಡಿಗಳು ಎಲ್ಲಿವೆ, ಎಷ್ಟು ಆಳ ಎಂದು ದಡದಿಂದ ತಿಳಿಯುವುದಿಲ್ಲ. ಕಡಲತೀರವೂ ಬೇಡ. ಹೊನ್ನಾವರದ ಕಾಸರಕೋಡು, ಕುಂದಾಪುರದ ಕಡೆಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುವುದು ಇದೇ ಚಳಿಗಾಲದಲ್ಲಿ. ಮರಳಿನಡಿ ಹೂತ ಮೊಟ್ಟೆ ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಟೈರಿಗೆ ಸಿಗುತ್ತದೆ.

• ಎತ್ತಬಲ್ಲ ಗಾಡಿಯನ್ನೇ ಒಯ್ಯಿರಿ. ಎಕ್ಸ್‌ಪಲ್ಸ್ 200 ಸುಮಾರು 160 ಕೆ.ಜಿ., ಹಿಮಾಲಯನ್ ಸುಮಾರು 200 ಕೆ.ಜಿ. ಆ ನಲವತ್ತು ಕೆ.ಜಿ. ಷೋರೂಮಿನಲ್ಲಿ ಗೊತ್ತಾಗುವುದಿಲ್ಲ. ಬಿಸಿಲೇರಿದ ಮೇಲೆ, ಕಾಲು ಹೂತುಹೋಗುವ ಜಾಗದಲ್ಲಿ, ಮತ್ತೆ ಮತ್ತೆ ಎತ್ತುವಾಗ ಗೊತ್ತಾಗುತ್ತದೆ. ಕನ್ನಡಿ ಬಿಚ್ಚಿಡಿ. ಕ್ಲಚ್, ಬ್ರೇಕ್ ಲಿವರ್‌ಗಳ ಕ್ಲಾಂಪನ್ನು ಪೂರ್ತಿ ಬಿಗಿಯಬೇಡಿ. ಬಿದ್ದಾಗ ಲಿವರ್ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ.

• ಟೈರಿನ ಗಾಳಿ ಇಳಿಸಿ. ಗಾಳಿ ಇಳಿದಷ್ಟೂ ಟೈರು ಅಗಲವಾಗಿ ಕೂತು ಮರಳಿನ ಮೇಲೆ ತೇಲುತ್ತದೆ. ಟ್ಯೂಬ್ ಟೈರಾದರೆ 15ರಿಂದ 18 ಪಿಎಸ್‌ಐ ಸಾಕು. ಟೈರನ್ನು ರಿಮ್ಮಿಗೆ ಕಚ್ಚಿಸಿಡುವ ರಿಮ್ ಲಾಕ್ ಇಲ್ಲದೆ ಅದಕ್ಕಿಂತ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನು ಕಿತ್ತುಬಿಡಬಹುದು.

• ಹೆಲ್ಮೆಟ್ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಬೂಟಿನ ಬಗ್ಗೆ ಹೇಳಬೇಕು. ಮರಳಿನಲ್ಲಿ ಸಮತೋಲ ತಪ್ಪಿದಾಗ ಎಲ್ಲರೂ ಕಾಲು ಊರುತ್ತಾರೆ. ಕಾಲು ಮರಳಲ್ಲಿ ಹೂತು ಅಲ್ಲೇ ನಿಲ್ಲುತ್ತದೆ, ಗಾಡಿ ಮುಂದೆ ಹೋಗುತ್ತದೆ. ನಡುವೆ ತಿರುಚಿಕೊಳ್ಳುವುದು ಹರಡಿನ ಕೀಲು. ಟ್ರೆಕ್ಕಿಂಗ್ ಶೂ ಅದನ್ನು ತಡೆಯುವುದಿಲ್ಲ. ಮೊಣಕಾಲಿನ ಕೆಳಗಿನವರೆಗೆ ಬರುವ ಮೋಟೋಕ್ರಾಸ್ ಬೂಟೇ ಬೇಕು. ದುಡ್ಡು ಕಡಿಮೆಯಿದ್ದರೆ ಗಾಡಿಯ ಅಲಂಕಾರ ಬಿಡಿ, ಬೂಟು ಬಿಡಬೇಡಿ.

• ಇನ್ನು ಓಡಿಸುವ ಮಾತು. ಫುಟ್‌ರೆಸ್ಟ್ ಮೇಲೆ ನಿಲ್ಲಿ. ಮಂಡಿ ಸ್ವಲ್ಪ ಬಾಗಿರಲಿ, ಎರಡೂ ಮೊಣಕಾಲು ಟ್ಯಾಂಕನ್ನು ಒತ್ತಿರಲಿ, ಸೊಂಟ ತುಸು ಹಿಂದೆ ಇರಲಿ. ಹ್ಯಾಂಡಲನ್ನು ಎಳೆಗರುವಿನ ಹಗ್ಗ ಹಿಡಿದ ಹಾಗೆ ಹಿಡಿಯಿರಿ, ಬಿಡಲೂ ಬಾರದು, ಬಿಗಿಯಲೂ ಬಾರದು. ಮುಂದಿನ ಚಕ್ರ ಅಲ್ಲಾಡಿಯೇ ಅಲ್ಲಾಡುತ್ತದೆ. ಹೆದರಿ ಹ್ಯಾಂಡಲ್ ಬಿಗಿದರೆ ಅಲುಗಾಟ ನಿಮ್ಮ ತೋಳಿಗೆ ಬಂದು, ತೋಳಿನಿಂದ ಗಾಡಿಗೆ ಹೋಗಿ ಇಮ್ಮಡಿಯಾಗುತ್ತದೆ. ಆಗ ಮನಸ್ಸು ಹೇಳುವುದು ಎಕ್ಸಲರೇಟರ್ ಬಿಡು ಎಂದು. ಅದನ್ನೇ ಮಾಡಬಾರದು. ಬಿಟ್ಟ ಕೂಡಲೇ ಭಾರವೆಲ್ಲ ಮುಂದಕ್ಕೆ ಬಂದು ಚಕ್ರ ಹೂತು, ಸವಾರ ಹ್ಯಾಂಡಲ್ ದಾಟಿ ಹಾರುತ್ತಾನೆ. ತುಸು ಕೊಟ್ಟರೆ ಭಾರ ಹಿಂದಕ್ಕೆ ಸರಿದು ಮುಂದಿನ ಚಕ್ರ ಹಗುರಾಗುತ್ತದೆ, ಅಲುಗಾಟ ತಾನೇ ಇಳಿಯುತ್ತದೆ. ನೋಟ ಇಪ್ಪತ್ತು ಮೂವತ್ತು ಮೀಟರ್ ಮುಂದಿರಲಿ, ಚಕ್ರದ ಬುಡದಲ್ಲಿ ಬೇಡ. ಮುಂದಿನ ಬ್ರೇಕನ್ನು ಮರೆತುಬಿಡಿ. ನಿಲ್ಲಿಸಬೇಕಾದರೆ ಎಕ್ಸಲರೇಟರ್ ನಿಧಾನಕ್ಕೆ ಇಳಿಸಿ, ಮರಳೇ ನಿಲ್ಲಿಸುತ್ತದೆ.

• ಹೊರಡುವಾಗ ಹಿಂದಿನ ಚಕ್ರ ಗಿರ್ರನೆ ಸುತ್ತಿ ಗಾಡಿ ಕದಲದಿದ್ದರೆ ತಕ್ಷಣ ಎಕ್ಸಲರೇಟರ್ ಬಿಡಿ. ಇನ್ನಷ್ಟು ಕೊಟ್ಟರೆ ಚೈನಿನವರೆಗೆ ಹೂಳುತ್ತದೆ, ಅಷ್ಟೆ. ಇಳಿದು, ಗಾಡಿಯನ್ನು ಪಕ್ಕಕ್ಕೆ ಮಲಗಿಸಿ, ಚಕ್ರ ತೋಡಿದ ಗುಂಡಿಗೆ ಕಾಲಿನಿಂದ ಮರಳು ತುಂಬಿ ತುಳಿದು, ಮತ್ತೆ ಎತ್ತಿ ಎರಡನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಡಿ. ಎಳೆದಾಡಿ ಸುಸ್ತಾಗುವುದಕ್ಕಿಂತ ಈ ಐದು ನಿಮಿಷ ಮೇಲು.

• ಬೀಳುವುದು ಖಚಿತ ಅನ್ನಿಸಿದ ಕ್ಷಣ ಗಾಡಿಯನ್ನು ಬಿಡಿ. ಉಳಿಸಿಕೊಳ್ಳಲು ಹೋದವರ ಕಾಲೇ ಅದರಡಿ ಸಿಕ್ಕಿಕೊಳ್ಳುವುದು. ಕೈ ಚಾಚಿ ನೆಲಕ್ಕೆ ಊರಬೇಡಿ. ಆ ಪೆಟ್ಟು ಮಣಿಕಟ್ಟಿನಿಂದ ಹತ್ತಿ ಕಾಲರ್ ಬೋನ್‌ವರೆಗೂ ಹೋಗುತ್ತದೆ. ಕೈ ಎದೆಗೆ ಸೇರಿಸಿ, ಗಲ್ಲ ಒಳಗೆ ಎಳೆದು, ಭುಜದಿಂದ ಉರುಳಿ. ಇದನ್ನು ಮೆತ್ತನೆಯ ಜಾಗದಲ್ಲಿ ಗಾಡಿಯಿಲ್ಲದೆ ಅಭ್ಯಾಸ ಮಾಡಬಹುದು, ಮಾಡಿ.

• ಬಿದ್ದ ಮೇಲೆ ಮೊದಲು ಎಂಜಿನ್ ಆಫ್. ಕಾಲು ಗಾಡಿಯಡಿ ಇದ್ದರೆ ಜಗ್ಗಬೇಡಿ, ಸೈಲೆನ್ಸರ್ ಸುಡುತ್ತದೆ. ಕಾಲಿನ ಸುತ್ತ ಮರಳು ತೋಡಿ, ತಾನೇ ಸಡಿಲವಾಗುತ್ತದೆ. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಿಮ್ಮವರು ದಿಬ್ಬದ ಆಚೆ ಬಿದ್ದಿದ್ದಾರೆ, ಹಿಂದೆ ಬರುವವರಿಗೆ ಅದು ಕಾಣುವುದಿಲ್ಲ. ಅವರು ಅದೇ ಗೆರೆಯಲ್ಲಿ, ಅದೇ ವೇಗದಲ್ಲಿ ನೆತ್ತಿ ಹತ್ತಿ ಬರುತ್ತಿರುತ್ತಾರೆ. ಜೀಪು ಸಫಾರಿಯವರೂ ಬರಬಹುದು. ಆದ್ದರಿಂದ ಒಬ್ಬರು ಬಿದ್ದವರ ಹತ್ತಿರ ಹೋದರೆ ಇನ್ನೊಬ್ಬರು ಓಡಿ ದಿಬ್ಬದ ನೆತ್ತಿಯ ಮೇಲೆ ನಿಂತು ಎರಡೂ ಕೈ ಬೀಸಬೇಕು. ಯಾರು ಓಡಬೇಕೆಂದು ಬೆಳಿಗ್ಗೆಯೇ ಮಾತಾಡಿಕೊಂಡಿರಿ. ಬಿದ್ದ ಹೊತ್ತಿನಲ್ಲಿ ಎಲ್ಲರೂ ಬಿದ್ದವರ ಕಡೆಗೇ ಓಡುತ್ತಾರೆ.

• ಪೆಟ್ಟನ್ನು ಮುಚ್ಚಿಡಬೇಡಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ಬಾಹಾ ರ‍್ಯಾಲಿಯಲ್ಲಿ ಬಿದ್ದಾಗ ಮೇದೋಜೀರಕ ಗ್ರಂಥಿಗೇ ಗಾಯವಾಗಿತ್ತು. ಚೇತರಿಸಿಕೊಂಡು, ಮರುವರ್ಷವೇ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಹೊಟ್ಟೆಗೆ ಹ್ಯಾಂಡಲ್ ಬಡಿದಿದ್ದರೆ ಹೊರಗೆ ತರಚಿಲ್ಲವೆಂದು ಸುಮ್ಮನಿರಬೇಡಿ. ನೋವು ಏರುತ್ತಿದ್ದರೆ ಆಸ್ಪತ್ರೆಗೆ ಹೋಗಿ. ತಲೆಯ ಪೆಟ್ಟೂ ಹಾಗೆಯೇ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ನಮ್ಮ ಸಿ.ಎಸ್. ಸಂತೋಷ್. ಅವರೇ 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಅದೇ ರ‍್ಯಾಲಿಯ ನಾಲ್ಕನೇ ಹಂತದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ, ರಿಯಾದಿನ ಆಸ್ಪತ್ರೆಯಲ್ಲಿ ವೈದ್ಯರು ಅವರನ್ನು ಔಷಧದ ಮೂಲಕ ಕೋಮಾದಲ್ಲಿ ಇಡಬೇಕಾಯಿತು. ಆ ವರ್ಷದಿಂದಲೇ ಡಕಾರ್‌ನಲ್ಲಿ ಬೈಕ್ ಸವಾರರಿಗೆ ಏರ್‌ಬ್ಯಾಗ್ ಜಾಕೆಟ್ ಕಡ್ಡಾಯವಾಗಿತ್ತು. ಅಷ್ಟು ಪಳಗಿದವರಿಗೇ ಹೀಗಾದರೆ ನಮ್ಮ ಮಾತೇನು? ಬಿದ್ದವರು ಕೇಳಿದ್ದನ್ನೇ ಕೇಳುತ್ತಿದ್ದರೆ, ವಾಂತಿ ಮಾಡಿದರೆ, ತಲೆನೋವು ಅಂದರೆ ಆ ದಿನ ಅವರಿಗೆ ಗಾಡಿ ಕೊಡಬೇಡಿ, ಎಷ್ಟೇ ಹಟ ಮಾಡಲಿ. ಪ್ರಜ್ಞೆ ತಪ್ಪಿದವರ ಹೆಲ್ಮೆಟ್ ಎಳೆಯಬೇಡಿ. ಉಸಿರಿಗೆ ಅಡ್ಡಿಯಿದ್ದರೆ ಮಾತ್ರ, ಒಬ್ಬರು ಕತ್ತನ್ನು ಅಲುಗದಂತೆ ಹಿಡಿದು, ಇನ್ನೊಬ್ಬರು ಮೆಲ್ಲಗೆ ತೆಗೆಯಬೇಕು.

• ದಿಬ್ಬಕ್ಕೆ ಎರಡು ಮೈ. ಗಾಳಿ ಬೀಸುವ ಕಡೆಯದು ಗಟ್ಟಿ, ನಿಧಾನದ ಏರು. ಆಚೆಯದು ಸಡಿಲ, ಕಡಿದು, ಹೆಚ್ಚೆಂದರೆ 34 ಡಿಗ್ರಿಯಷ್ಟು ಇಳಿಜಾರು. ವೇಗವನ್ನೆಲ್ಲ ಕೆಳಗೇ ತೆಗೆದುಕೊಂಡು ಹತ್ತಿ, ನೆತ್ತಿಗೆ ಮುಂಚೆ ಇಳಿಸಿ, ಆಚೆ ಏನಿದೆ ನೋಡಿ. ಕಾಣದ ನೆತ್ತಿಯನ್ನು ಹಾರಿಸಬೇಡಿ. ಇಳಿಯುವಾಗ ನೇರವಾಗಿ ಇಳಿಯಿರಿ, ಅಡ್ಡಡ್ಡ ಇಳಿದರೆ ಉರುಳುತ್ತೀರಿ.

• ಬೆಳಿಗ್ಗೆ ಹೋಗಿ. ಇಬ್ಬನಿ ಹೀರಿದ ಮರಳು ಗಟ್ಟಿಯಿರುತ್ತದೆ, ನೆರಳು ಬಿದ್ದು ತಗ್ಗು ದಿಣ್ಣೆ ಕಾಣುತ್ತದೆ. ನಡುಮಧ್ಯಾಹ್ನ ನೆತ್ತಿಯ ಬಿಸಿಲಲ್ಲಿ ಎಲ್ಲ ಒಂದೇ ಸಮ ಕಾಣುತ್ತದೆ. ಆಗ ಊಟ ಮಾಡಿ, ಮಲಗಿ.

• ಜೈಸಲ್ಮೇರಿನ ಸಮ್, ಖುಹ್ಡಿಯ ದಿಬ್ಬಗಳ ಆಸುಪಾಸಿನಲ್ಲೇ ಡೆಸರ್ಟ್ ನ್ಯಾಷನಲ್ ಪಾರ್ಕ್ ಇದೆ. ಅಳಿವಿನಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಮನೆ ಅದು. ಎಲ್ಲಿ ಓಡಿಸಬಹುದು ಎಂದು ಊರಿನವರನ್ನೂ ಅರಣ್ಯ ಇಲಾಖೆಯವರನ್ನೂ ಕೇಳಿಯೇ ಇಳಿಯಿರಿ. ಅಲ್ಲಿನ ಖೇಜ್ಡಿ ನಮ್ಮ ಬನ್ನಿಮರವೇ, ಮುಳ್ಳು ಟೈರಿಗೆ ನಾಟುತ್ತದೆ. ಎಕ್ಕದ ಪೊದೆಗಳ ಬುಡದಲ್ಲಿ ಮರಳು ಗಟ್ಟಿಕಟ್ಟಿರುತ್ತದೆ, ಅದಕ್ಕೆ ಬಡಿದರೆ ಕಲ್ಲಿಗೆ ಬಡಿದಂತೆಯೇ.

• ಒಬ್ಬರೇ ಹೋಗಬೇಡಿ, ಮೂವರಾದರೂ ಇರಿ. ತಲೆಗೆ ಮೂರು ಲೀಟರ್ ನೀರು. ಸಮ್‌ನಿಂದ ಜೈಸಲ್ಮೇರ್ ಪೇಟೆ ಸುಮಾರು 40 ಕಿ.ಮೀ., ಏಮ್ಸ್ ಇರುವ ಜೋಧಪುರ ಅಲ್ಲಿಂದ ಇನ್ನೂ ಸುಮಾರು 280 ಕಿ.ಮೀ. ಸಂಜೆ "ಇನ್ನೊಂದೇ ರೌಂಡ್" ಎಂದು ಯಾರಾದರೂ ಅಂದಾಗ ಈ ದೂರವನ್ನು ಅವರಿಗೆ ಹೇಳಿ.

• ವಾಪಸು ಟಾರ್ ರಸ್ತೆ ಹತ್ತುವ ಮುಂಚೆ ಟೈರಿಗೆ ಗಾಳಿ ತುಂಬಿ. ಪಂಪ್ ಚೀಲದಲ್ಲೇ ಇರಲಿ, ಪಂಕ್ಚರ್ ಅಂಗಡಿ ಸಿಗುತ್ತದೆಂದು ನಂಬಬೇಡಿ. ಏರ್ ಫಿಲ್ಟರ್ ಫೋಮಿನದಾದರೆ ರಾತ್ರಿ ಬಿಚ್ಚಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಹಾಕಿ. ಚೈನಿಗೆ ಮಾತ್ರ ಮರಳಿಗಿಳಿಯುವ ದಿನ ಜಾಸ್ತಿ ಲ್ಯೂಬ್ ಬೇಡ, ಮರಳು ಅಂಟಿ ಅರೆಯುತ್ತದೆ.