ಸೇರ್ಪಡೆ ಪತ್ರ ಬಂತು, ಪರವಾನಗಿ ಎಲ್ಲಿ?

ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ ಮನೆ ಹಿಡಿದವರಿಗೆ ನೈರೋಬಿ ವಿಶ್ವವಿದ್ಯಾಲಯವೂ ಕೆನ್ಯಾಟ್ಟ ರಾಷ್ಟ್ರೀಯ ಆಸ್ಪತ್ರೆಯೂ ಹತ್ತಿರ. ಪಿಎಚ್‌.ಡಿ. ಸೀಟು ಅಥವಾ ಯೋಜನಾ ಸಹಾಯಕರ ಕೆಲಸ ಸಿಕ್ಕ ಕೂಡಲೇ ಸಿಹಿ ಹಂಚುವುದು ಸರಿಯೇ. ಆದರೆ ವಿಶ್ವವಿದ್ಯಾಲಯ ಕೊಡುವುದು ಪ್ರವೇಶ ಮಾತ್ರ. ಅನುಮತಿ ಕೊಡುವ ಕಚೇರಿಗಳು ಬೇರೆ.

ಮೊದಲು ಪಾಸ್‌ಪೋರ್ಟ್ ನೋಡಿಕೊಳ್ಳಿ. ಗಂಡನ ಅಥವಾ ಹೆಂಡತಿಯ ಉದ್ಯೋಗದ ಆಧಾರದ ಮೇಲೆ ಡಿಪೆಂಡೆಂಟ್ ಪಾಸ್‌ನಲ್ಲಿ ಬಂದವರು ಅದನ್ನೇ ನಂಬಿ ಸಂಬಳದ ಕೆಲಸಕ್ಕೆ ಸೇರುವಂತಿಲ್ಲ. ಉದ್ಯೋಗಕ್ಕೆ ಡಿ ವರ್ಗದ ಪರ್ಮಿಟ್ ಬೇಕು, ಓದಲು ಸ್ಟೂಡೆಂಟ್ ಪಾಸ್ ಬೇಕು. ಭಾರತದ ಪದವಿಗೆ ಮಾನ್ಯತೆ ಪತ್ರವನ್ನೂ ಕೇಳಬಹುದು. ಯಾವ ಸಂಸ್ಥೆಯದು ನಡೆಯುತ್ತದೆ ಎಂಬುದನ್ನು ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಪಡೆದುಕೊಳ್ಳಿ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಕೆನ್ಯಾದ 2013ರ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ಕಾಯ್ದೆಯ ಪ್ರಕಾರ ಅಲ್ಲಿ ಸಂಶೋಧನೆ ನಡೆಸಲು ನಾಕೋಸ್ಟಿ ಎಂಬ ರಾಷ್ಟ್ರೀಯ ಆಯೋಗದ ಪರವಾನಗಿ ಬೇಕು. ಪ್ರಯೋಗಾಲಯದವರಿಗಷ್ಟೇ ಅಲ್ಲ, ಮಾರುಕಟ್ಟೆಯ ಹೆಂಗಸರನ್ನು ಮಾತಾಡಿಸಲು ಹೊರಟ ಸಮಾಜಶಾಸ್ತ್ರದ ವಿದ್ಯಾರ್ಥಿಗೂ ಇದು ಅನ್ವಯಿಸುತ್ತದೆ. ವಿದೇಶಿಯರು ಸ್ಥಳೀಯ ಸಂಸ್ಥೆಯೊಂದರ ಆಶ್ರಯ ತೋರಿಸಬೇಕು. ಮನುಷ್ಯರ ಮೇಲಿನ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ಪರವಾನಗಿ ಆಮೇಲೆ. ಮಾದರಿ ಸಂಗ್ರಹಿಸಿದ ಬಳಿಕ ಅರ್ಜಿ ಹಾಕಿದರೆ ಪ್ರಬಂಧವೇ ಸಂಶಯಕ್ಕೆ ಒಳಗಾಗುತ್ತದೆ. ಸಸ್ಯ, ಸೂಕ್ಷ್ಮಜೀವಿಗಳ ಮಾದರಿ ಹೊರದೇಶಕ್ಕೆ ಒಯ್ಯುವವರಿಗೆ ಇನ್ನಷ್ಟು ಅನುಮತಿಗಳು ಬೇಕಾಗುತ್ತವೆ.

ಕೆಲಸ ಮೂರು ತಿಂಗಳು ಅಥವಾ ಹೆಚ್ಚಿನ ಅವಧಿಯದಾದರೆ 2007ರ ಉದ್ಯೋಗ ಕಾಯ್ದೆಯಂತೆ ಕರಾರು ಲಿಖಿತವಾಗಿರಬೇಕು. "ಫಂಡ್ ಬರಲಿ, ನೋಡೋಣ" ಎಂಬ ಬಾಯಿಮಾತಿಗೆ ತಲೆಯಾಡಿಸಬೇಡಿ.

ಮಗಳು ಮೈಸೂರಿಗೋ ಧಾರವಾಡಕ್ಕೋ ಪಿಎಚ್‌.ಡಿ.ಗೆ ಹೊರಟಿದ್ದರೆ ಕಥೆ ತಿರುವುಮುರುವು. ಯುಜಿಸಿಯ 2022ರ ನಿಯಮಗಳಂತೆ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ವಿಸ್ತರಣೆ ಬೇರೆ. ಮಹಿಳೆಯರಿಗೆ ಇನ್ನೂ 2 ವರ್ಷದ ರಿಯಾಯಿತಿ, 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಉಂಟು. ಇದನ್ನು ಕೇಳಿ ಪಡೆಯಲು ಸಂಕೋಚ ಬೇಡ. ಆಕೆ ಕೆನ್ಯಾದ ಪ್ರಜೆಯಾಗಿ ಓಸಿಐ ಕಾರ್ಡ್ ಹೊಂದಿದ್ದರೆ ಮಾತ್ರ ಎಚ್ಚರ: 2021ರ ಮಾರ್ಚ್ 4ರ ಅಧಿಸೂಚನೆಯಂತೆ ಓಸಿಐ ಕಾರ್ಡುದಾರರು ಭಾರತದಲ್ಲಿ ಸಂಶೋಧನೆಗೆ ವಿಶೇಷ ಅನುಮತಿ ಪಡೆಯಬೇಕು. ಆಜೀವ ವೀಸಾ ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ. ಅರ್ಜಿಯನ್ನು ಭಾರತದ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಓ ಅಥವಾ ಭಾರತೀಯ ಹೈಕಮಿಷನ್ ಮೂಲಕ ಸಲ್ಲಿಸಬಹುದು.

ಆಯ್ಕೆಯಲ್ಲಿ ಅನ್ಯಾಯವಾಯಿತು ಅನ್ನಿಸಿದರೆ? ಭಾರತದ ಮಾಹಿತಿ ಹಕ್ಕು ಕಾಯ್ದೆ ಭಾರತೀಯ ನಾಗರಿಕರಿಗಷ್ಟೇ. ಸರ್ಕಾರಿ ವಿಶ್ವವಿದ್ಯಾಲಯ ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರಿಸಬೇಕು. ಕೆನ್ಯಾ ಸಂವಿಧಾನದ 35ನೇ ವಿಧಿ ಕೊಡುವ ಮಾಹಿತಿ ಹಕ್ಕೂ ಅಲ್ಲಿನ ನಾಗರಿಕರಿಗಷ್ಟೇ. ಆದರೆ 47ನೇ ವಿಧಿ ನ್ಯಾಯಯುತ ಆಡಳಿತ ಕ್ರಮದ ಹಕ್ಕನ್ನು ಪ್ರತಿ ವ್ಯಕ್ತಿಗೂ ಕೊಡುತ್ತದೆ: ಆಡಳಿತದ ತೀರ್ಮಾನದಿಂದ ನಿಮ್ಮ ಹಕ್ಕಿಗೆ ಧಕ್ಕೆಯಾದರೆ ಲಿಖಿತ ಕಾರಣ ಕೇಳಬಹುದು. ಹಾಗಾಗಿ ಭಾರತದ ಪಾಸ್‌ಪೋರ್ಟ್ ಹಿಡಿದವರು ಅಲ್ಲಿನ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಬರೆಯುವಾಗ 35ನ್ನು ಬಿಟ್ಟು 47ನ್ನೇ ಉಲ್ಲೇಖಿಸಲಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಲಿ.