ಯಾವ ಪೈಲಟ್ ಆಗಬೇಕು? ವಾಯುಪಡೆಯೋ, ಪ್ರಯಾಣಿಕರ ವಿಮಾನವೋ?



ಹೋದ ತಿಂಗಳು ವಿಜ್ಞಾನದ ಮೇಷ್ಟ್ರು ‘ದೊಡ್ಡವರಾದ ಮೇಲೆ ಏನಾಗ್ತೀರಿ?’ ಎಂದು ಕೇಳಿದಾಗ ನಮ್ಮ ತರಗತಿಯಲ್ಲಿ ನಾಲ್ಕು ಜನ ‘ಪೈಲಟ್’ ಎಂದೆವು. ‘ಯಾವ ಪೈಲಟ್? ಮಿಲಿಟರಿಯೋ, ಸಿವಿಲ್ಲೋ?’ ಎಂದು ಮತ್ತೆ ಕೇಳಿದರು. ನಾಲ್ವರೂ ಬಾಯಿ ಮುಚ್ಚಿಕೊಂಡು ನಿಂತೆವು. ಎರಡೂ ಒಂದೇ ಅಂತ ನಾನು ತಿಳಿದಿದ್ದೆ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ದುಡ್ಡಿನ ವಿಷಯ. ಕೆ.ಜಿ.ಎಫ್. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಕತ್ತಲಲ್ಲೇ ಎದ್ದು, ಮಾರಿಕುಪ್ಪಂನಿಂದಲೋ ಬಂಗಾರಪೇಟೆಯಿಂದಲೋ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಇಂಥ ಮನೆಯ ಮಕ್ಕಳಿಗೆ ಈ ಲೆಕ್ಕ ಮುಖ್ಯ.

ಪ್ರಯಾಣಿಕರ ವಿಮಾನ ನಡೆಸಲು ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕು. ಅದಕ್ಕೆ ಹಾರಾಟದ ಶಾಲೆ ಸೇರಿ 200 ಗಂಟೆ ವಿಮಾನ ಹಾರಿಸಿರಬೇಕು. ಹವಾಮಾನ, ದಿಕ್ಕು ಹಿಡಿಯುವುದು, ವಿಮಾನದ ಕಾನೂನು ಮುಂತಾದ ಪರೀಕ್ಷೆಗಳೂ ಇವೆ. ನಮಗೆ ಹತ್ತಿರದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆ. ಹಾರಿದ ಪ್ರತಿ ಗಂಟೆಗೂ ದುಡ್ಡು ಕಟ್ಟಬೇಕು. ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಹತ್ತಾರು ಲಕ್ಷ ರೂಪಾಯಿ ಆಗುತ್ತದೆ. ಆಮೇಲೆ ದೊಡ್ಡ ಜೆಟ್ ವಿಮಾನ ನಡೆಸಲು ‘ಟೈಪ್ ರೇಟಿಂಗ್’ ಎಂಬ ತರಬೇತಿ, ಅದಕ್ಕೆ ಬೇರೆ ಲಕ್ಷಗಳು. ಇಷ್ಟಾದರೂ ಕೆಲಸ ಸಿಕ್ಕೇ ಸಿಗುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ.

ವಾಯುಪಡೆಯಲ್ಲಿ ತರಬೇತಿಯ ಖರ್ಚು ಸರ್ಕಾರದ್ದು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದುವವರು ಎರಡನೇ ವರ್ಷದಲ್ಲಿರುವಾಗಲೇ ಎನ್.ಡಿ.ಎ. ಪರೀಕ್ಷೆ ಬರೆಯಬಹುದು. ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದ ಒಳಗಿರಬೇಕು. ಆಯ್ಕೆಯಾದರೆ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೂರು ವರ್ಷ, ಆಮೇಲೆ ಹೈದರಾಬಾದ್ ಹತ್ತಿರದ ದುಂಡಿಗಲ್‌ನಲ್ಲಿ ಹಾರಾಟದ ತರಬೇತಿ. 2022ರಿಂದ ಹುಡುಗಿಯರನ್ನೂ ಎನ್.ಡಿ.ಎ.ಗೆ ಸೇರಿಸಿಕೊಳ್ಳುತ್ತಿದ್ದಾರೆ. ಅದಕ್ಕೂ ಮೊದಲು, 2016ರಲ್ಲಿ, ಮೂವರು ಮಹಿಳೆಯರು ಯುದ್ಧವಿಮಾನದ ಪೈಲಟ್‌ಗಳಾಗಿ ವಾಯುಪಡೆ ಸೇರಿದರು. ಅವರಲ್ಲಿ ಭಾವನಾ ಕಾಂತ್ ಇಂಜಿನಿಯರಿಂಗ್ ಓದಿದ್ದು ಬೆಂಗಳೂರಿನ ಬಿ.ಎಂ.ಎಸ್. ಕಾಲೇಜಿನಲ್ಲಿ, ಜೆಟ್ ತರಬೇತಿ ಪಡೆದದ್ದು ನಮ್ಮ ಬೀದರ್‌ನಲ್ಲಿ.

ಹಾಗಾದರೆ ವಾಯುಪಡೆಯೇ ಸುಲಭ ಅಂತ ತಿಳಿಯಬೇಡಿ. ಎನ್.ಡಿ.ಎ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದವರಾದ ನಾವು ಈಗಿನಿಂದಲೇ ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳಬೇಕು. ಅದು ಪಾಸಾದರೆ ಐದು ದಿನದ ಸಂದರ್ಶನ. ವಾಯುಪಡೆಯ ಆಯ್ಕೆ ಮಂಡಳಿ ಮೈಸೂರಿನಲ್ಲೂ ಇದೆ. ಪೈಲಟ್ ಆಗುವವರಿಗೆ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ವಿಶೇಷ ಪರೀಕ್ಷೆ ಕೊಡುತ್ತಾರೆ. ಅದಕ್ಕೆ ಜೀವಮಾನದಲ್ಲಿ ಒಂದೇ ಅವಕಾಶ. ಫೇಲಾದರೆ ಮತ್ತೆ ಎಂದೂ ಬರೆಯುವ ಹಾಗಿಲ್ಲ. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು. ನಮ್ಮಲ್ಲಿ ಕಿರುಪರೀಕ್ಷೆ ಹೋದರೂ ಇನ್ನೊಂದು ಸಲ ಕೊಡುತ್ತಾರಲ್ಲ!

ದೇಹದ ಅಳತೆಯೂ ಇದೆ. ಎತ್ತರ ಕನಿಷ್ಠ 162.5 ಸೆಂ.ಮೀ. ಇರಬೇಕು. ಕಾಲಿನ ಉದ್ದ 99ರಿಂದ 120 ಸೆಂ.ಮೀ. ಒಳಗಿರಬೇಕು. ವಿಮಾನದ ಆ ಸಣ್ಣ ಜಾಗದಲ್ಲಿ ಕೂತು ಪೆಡಲ್ ಮುಟ್ಟಬೇಕು ನೋಡಿ. ಬಣ್ಣ ಗುರುತಿಸುವುದರಲ್ಲಿ ದೋಷ ಇರಬಾರದು. ಸಿವಿಲ್‌ನಲ್ಲಿ ಕನ್ನಡಕ ಹಾಕಿಕೊಂಡು ದೃಷ್ಟಿ ಸರಿಹೋದರೆ ನಡೆಯುತ್ತದೆ. ವಾಯುಪಡೆಯಲ್ಲಿ ಕಣ್ಣಿನ ಪರೀಕ್ಷೆ ಇನ್ನೂ ಬಿಗಿ.

ಈಗ ಕೆಲಸದ ವಿಷಯ. ಇದನ್ನೇ ಹೆಚ್ಚು ಯೋಚಿಸಬೇಕು ಅಂತ ನನಗನ್ನಿಸಿತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೊಪ್ಪಯ್ಯ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದರು. ಅವರದು ಮಿಸ್ಟೇರ್ ವಿಮಾನ. ಎದುರಿಗೆ ಬಂದದ್ದು ಅದಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್. ಅದನ್ನು ಹೊಡೆದುರುಳಿಸಿದರು, ತಾವು ಹಿಂತಿರುಗಲಿಲ್ಲ. 1988ರಲ್ಲಿ, ಅಂದರೆ 23 ವರ್ಷಗಳ ಮೇಲೆ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಖರ್ಚು ಉಳಿಯುತ್ತದೆ ಅಂತ ಮಾತ್ರ ವಾಯುಪಡೆಗೆ ಸೇರುವವರು ದೇವಯ್ಯನವರನ್ನು ಒಂದು ಸಲ ನೆನೆಯಬೇಕು.

ಸಿವಿಲ್‌ನಲ್ಲಿ ಶತ್ರು ಇಲ್ಲ. ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ ಎಂಬ ನಿಯಮವೂ ಇದೆ. ಆದರೆ ಬೆನ್ನ ಹಿಂದೆ ನೂರಾರು ಜನ ಕೂತಿರುತ್ತಾರೆ. ಕ್ಯಾಪ್ಟನ್ ದೀಪಕ್ ಸಾಠೆ ಎರಡೂ ಕೆಲಸ ಮಾಡಿದವರು. ವಾಯುಪಡೆಯಲ್ಲಿ ವಿಂಗ್ ಕಮಾಂಡರ್ ಆಗಿದ್ದರು, ಎಚ್.ಎ.ಎಲ್.ನಲ್ಲಿ ವಿಮಾನ ಪರೀಕ್ಷಿಸುವ ಪೈಲಟ್ ಆಗಿದ್ದರು, ಆಮೇಲೆ ಪ್ರಯಾಣಿಕರ ವಿಮಾನಕ್ಕೆ ಬಂದರು. 2020ರ ಆಗಸ್ಟ್ 7ರಂದು ಮಳೆಯಲ್ಲಿ ಕೋಳಿಕ್ಕೋಡ್‌ನಲ್ಲಿ ಅವರ ವಿಮಾನ ರನ್‌ವೇ ದಾಟಿ ಕೆಳಕ್ಕೆ ಬಿತ್ತು. ಅವರೂ ಸೇರಿ 21 ಜನ ತೀರಿಕೊಂಡರು. ಒಂದು ಸಲ ಇಳಿಯಲಾಗದೆ ಮೇಲೇರಿದ್ದರು. ಎರಡನೇ ಸಲವೂ ಇಳಿಯದೆ ಮೇಲೇರಬೇಕಿತ್ತು ಎಂದು ತನಿಖೆಯವರು ಬರೆದರು. ಅಷ್ಟು ಅನುಭವಸ್ಥರಿಗೇ ಹೀಗಾಯಿತು. ಪ್ರಯಾಣಿಕರ ವಿಮಾನದಲ್ಲಿ ‘ಈಗ ಇಳಿಸಲ್ಲ, ವಾಪಸ್ ಹೋಗೋಣ’ ಅನ್ನುವುದಕ್ಕೂ ಧೈರ್ಯ ಬೇಕು ಅಂತ ನನಗೆ ಆಗ ಗೊತ್ತಾಯಿತು.

ವಾಯುಪಡೆಯಿಂದ ಸಿವಿಲ್‌ಗೆ ಬರಬಹುದು, ಆದರೆ ಸೇವೆಯ ವರ್ಷ ಮುಗಿಸಬೇಕು. ಡಿಗ್ರಿ ಮಾಡಿ ಶಾರ್ಟ್ ಸರ್ವಿಸ್ ಪೈಲಟ್ ಆದರೂ 14 ವರ್ಷ. ಸಿವಿಲ್‌ನಿಂದ ಆ ಕಡೆ ಹೋಗುವುದು ಕಷ್ಟ. ಡಿಗ್ರಿಯವರಿಗೆ ವಯಸ್ಸಿನ ಮಿತಿ 24, ಕಮರ್ಷಿಯಲ್ ಲೈಸೆನ್ಸ್ ಇದ್ದರೆ 26. ಆದ್ದರಿಂದ ಮೊದಲು ಎನ್.ಡಿ.ಎ. ಪ್ರಯತ್ನಿಸುವುದು ಸರಿ ಅಂತ ನನ್ನ ಅಭಿಪ್ರಾಯ.

ನಮ್ಮ ಅಮ್ಮನಿಗೆ ಇದನ್ನು ಹೇಳಿದೆ. ‘ಯುದ್ಧ ಬಂದರೆ?’ ಎಂದರು. ಅಲ್ಲೇ ಕೂತಿದ್ದ ಅಜ್ಜಿ, ‘ನಿಮ್ಮ ತಾತ ದಿನಾ ಗಣಿಗೆ ಇಳೀತಿದ್ದಾಗ ನಾನು ಯಾರನ್ನ ಕೇಳಿದ್ದೆ?’ ಎಂದರು. ಅಮ್ಮ ಇನ್ನೂ ಒಪ್ಪಿಲ್ಲ, ಬೇಡ ಅಂತಲೂ ಅಂದಿಲ್ಲ.

ನನ್ನ ಎತ್ತರ ಈಗ 159 ಸೆಂ.ಮೀ. ಈ ಪತ್ರಿಕೆಯ ಪಕ್ಕದಲ್ಲಿ ಪಿ.ಟಿ. ಮೇಷ್ಟ್ರು 162.5ಕ್ಕೆ ಸರಿಯಾಗಿ ಸೀಮೆಸುಣ್ಣದ ಗೆರೆ ಎಳೆದಿದ್ದಾರೆ. ಚಪ್ಪಲಿ ಬಿಟ್ಟು ನಿಂತು ಅಳೆದುಕೊಳ್ಳಿ. ಗೋಡೆ ಮೇಲೆ ಹೆಸರು ಮಾತ್ರ ಬರೆಯಬೇಡಿ, ಹೆಡ್‌ಮಾಸ್ಟರ್ ಬೈಯುತ್ತಾರೆ.